ಸೋತರೆ ಊರು ಕೊಡಬೇಕು

ಅಜ್ಜಿಯ ಒಗಟಿನಾಟಕ್ಕೆ ಇದ್ದದ್ದು ಒಂದೇ ಕಟ್ಟಳೆ: ಬಿಡಿಸಲಾಗದವರು ಊರು ಕೊಡಬೇಕು. ಅರಕಲಗೂಡಿನ ನಮ್ಮ ಮನೆ ಜಗುಲಿಯಲ್ಲಿ, ಕರೆಂಟು ಹೋದ ರಾತ್ರಿಗಳಲ್ಲಿ, ನಾನು ಮೊದಲು ಹೊಳೆನರಸೀಪುರ ಕೊಡುತ್ತಿದ್ದೆ. ಆಮೇಲೆ ಚನ್ನರಾಯಪಟ್ಟಣ. ನಿದ್ದೆ ಹತ್ತುವಷ್ಟರಲ್ಲಿ ಹಾಸನವೂ ಅಜ್ಜಿಯ ಮಡಿಲು ಸೇರಿರುತ್ತಿತ್ತು. ಅರಕಲಗೂಡು ಕೇಳಿದರೆ ಮಾತ್ರ ನನಗೆ ಅಳುವೇ ಬರುತ್ತಿತ್ತು. “ಹೋಗ್ಲಿ ಬುಡ್ಲಾ, ಅದ್ನ ನೀನೇ ಮಡಿಕೋ” ಎನ್ನುತ್ತಿದ್ದಳು.

ಟಿವಿಯಲ್ಲಿ ಕ್ವಿಜ್ ಎಂಬುದನ್ನು ನಾನು ಮೊದಲು ನೋಡಿದ್ದು ಬೆಂಗಳೂರಿನ ಚಿಕ್ಕಪ್ಪನ ಮನೆಯಲ್ಲಿ. 1985ರಲ್ಲಿ ಶುರುವಾದ ‘ಕ್ವಿಜ್ ಟೈಮ್’ ಅದು. ಸಿದ್ಧಾರ್ಥ ಬಸು ಕೇಳುತ್ತಿದ್ದದ್ದು ಇಂಗ್ಲಿಷ್, ಹುಡುಗರು ಹೇಳುತ್ತಿದ್ದದ್ದೂ ಇಂಗ್ಲಿಷ್. ನನಗೆ ಅರ್ಥವಾಗುತ್ತಿದ್ದದ್ದು ಚಪ್ಪಾಳೆ ಮಾತ್ರ. ದಿಲ್ಲಿಯ ಆ ಮಾತನ್ನು ದೇಶಕ್ಕೆಲ್ಲ ಹಂಚುತ್ತಿದ್ದ ಇನ್ಸಾಟ್ ಉಪಗ್ರಹವನ್ನು ಆಕಾಶದಲ್ಲಿ ಹಾದಿ ತಪ್ಪದಂತೆ ಕಾಯುತ್ತಿದ್ದವರು ನಮ್ಮ ಹಾಸನದ ಸಾಲಗಾಮೆ ರಸ್ತೆಯ ಎಂಸಿಎಫ್‌ನವರು. ಅದು ಗೊತ್ತಿದ್ದರೆ ಚಿಕ್ಕಪ್ಪನ ಮಕ್ಕಳ ಮುಂದೆ ಇನ್ನಷ್ಟು ಎದೆಯುಬ್ಬಿಸಿ ಕೂರುತ್ತಿದ್ದೆ.

ಕನ್ನಡದಲ್ಲಿ ಕೇಳಿ ಕನ್ನಡದಲ್ಲೇ ಹೇಳಿಸುವ ‘ಥಟ್ ಅಂತ ಹೇಳಿ’ ಚಂದನ ವಾಹಿನಿಗೆ ಬಂದದ್ದು 2002ರ ಜನವರಿಯಲ್ಲಿ. ನಡೆಸಿಕೊಡುವವರು ಡಾ. ನಾ. ಸೋಮೇಶ್ವರ, ಓದಿದ್ದು ವೈದ್ಯಕೀಯ. ಸರಿಯುತ್ತರಕ್ಕೆ ದುಡ್ಡಿಲ್ಲ, ಪುಸ್ತಕ. ನಾನಾಗ ಹೊಳೆನರಸೀಪುರದಲ್ಲಿ ಕೆಲಸಕ್ಕಿದ್ದೆ. ಮುದ್ದೆ ಮುರಿಯುತ್ತ ಟಿವಿಯ ಮುಂದೆ ಕೂತು ಸ್ಪರ್ಧಿಗಳಿಗಿಂತ ಮೊದಲೇ ಉತ್ತರ ಕೂಗುತ್ತಿದ್ದೆ. ಗೊಮ್ಮಟ ನಿಂತದ್ದು ಯಾವಾಗ? 981! ಹಲ್ಮಿಡಿ ಯಾವ ತಾಲ್ಲೂಕು? ಬೇಲೂರು! ಸ್ಪರ್ಧಿ ತಡವರಿಸಿದರೆ “ಅಯ್ಯೋ, ಇಷ್ಟೂ ಗೊತ್ತಿಲ್ವಾ” ಎಂಬ ಮರುಕ ಬೇರೆ. ತಪ್ಪಿದ ನನ್ನ ಉತ್ತರಗಳನ್ನು ಮುದ್ದೆಯ ಜೊತೆಗೇ ನುಂಗುತ್ತಿದ್ದೆ. ಕಂಡವಳು ಹೆಂಡತಿಯೊಬ್ಬಳೇ. “ಇಷ್ಟೆಲ್ಲ ಗೊತ್ತಿರೋರು ನೀವೇ ಹೋಗಿ ಕೂತ್ಕೋಬಾರ್ದಾ ರೀ?”

ಬೆಂಗಳೂರಿನ ತನಕ ಹೋಗುವ ಧೈರ್ಯವಿರಲಿಲ್ಲ. ಹಾಸನದಲ್ಲೊಂದು ರಾಜ್ಯೋತ್ಸವಕ್ಕೆ ತಾಲ್ಲೂಕುವಾರು ಸ್ಪರ್ಧೆ ಇಟ್ಟಿದ್ದರು, ಅರಕಲಗೂಡಿನ ಪರವಾಗಿ ಕೂತೆ. ಕ್ವಿಜ್‌ಗೆ ನಾವು ಇಟ್ಟುಕೊಂಡ ಹೆಸರು ರಸಪ್ರಶ್ನೆ. ವೇದಿಕೆ ಹತ್ತಿದ ಮೇಲೆ ನನ್ನ ಬಾಯಲ್ಲಿ ರಸವೆಲ್ಲ ಇಂಗಿತು. ಮನೆಯಲ್ಲಿ ಕೈಗೆ ಸಿಗುವುದು ರಿಮೋಟು, ಅಲ್ಲಿ ಬಜರ್. ಎರಡಕ್ಕೂ ಇರುವ ಅಂತರ, ದಡದಲ್ಲಿ ಕೂತು ಹೇಮಾವತಿ ನೋಡುವುದಕ್ಕೂ ಅದರಲ್ಲಿ ಈಜುವುದಕ್ಕೂ ಇರುವಷ್ಟು. ನಾಲ್ಕು ಪ್ರಶ್ನೆ ಬಂದು ಹೋದವು, ಬೆರಳು ಅಲ್ಲಾಡಲಿಲ್ಲ. ಐದನೆಯದು: “ಅ.ನ.ಕೃ. ಹುಟ್ಟಿದ…” ಅಷ್ಟಕ್ಕೇ ಒತ್ತಿದೆ. ಅರಕಲಗೂಡು ನರಸಿಂಗರಾವ್ ಕೃಷ್ಣರಾವ್! ಹೆಸರಲ್ಲೇ ಊರಿದೆ, ಇನ್ನೇನು ಬೇಕು? “ಅರಕಲಗೂಡು” ಎಂದು ಥಟ್ಟನೆ ಹೇಳಿದೆ. ನಮ್ಮೂರಿನವರು ಚಪ್ಪಾಳೆಯನ್ನೂ ಹೊಡೆದರು.

ಚನ್ನರಾಯಪಟ್ಟಣದ ತಂಡದ ಹುಡುಗಿಯೊಬ್ಬಳು ಮೆಲ್ಲಗೆ ಹೇಳಿದಳು: “ಕೋಲಾರ, ಸರ್. 1908.”

ಅವಳದೇ ಸರಿ. ಅವಳಿಗೆ ಪುಸ್ತಕ, ನನಗೆ ಸಮಾಧಾನಕರ ಬಹುಮಾನವಾಗಿ ಸ್ಟೀಲಿನ ತಟ್ಟೆ. ಥಟ್ ಅಂದದ್ದಕ್ಕೆ ತಟ್ಟೆ!

ಅವತ್ತಿನಿಂದ ಟಿವಿಯಲ್ಲಿ ಕೂತು ತಪ್ಪು ಹೇಳುವವರನ್ನು ಕಂಡರೆ ಗೌರವ. ನಾನು ಸೋತದ್ದು ಒಂದು ಸಭಾಂಗಣದ ಮುಂದೆ, ಅವರು ಸೋಲುವುದು ಇಡೀ ನಾಡಿನ ಮುಂದೆ. ಮಾರನೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಸಮಜಾಯಿಷಿ ಕೊಡಬೇಕು. 2012ರಲ್ಲಿ ಪುನೀತ್ ರಾಜ್‌ಕುಮಾರ್ ‘ಕನ್ನಡದ ಕೋಟ್ಯಧಿಪತಿ’ ತಂದಾಗ ಕೋಟಿಯ ಮುಂದೆ ಬೆವರುವವರನ್ನೂ ನೋಡಿದೆ. ಚೆನ್ನಾಗಿತ್ತು. ಆದರೆ ಒಂದು ಪುಸ್ತಕಕ್ಕಾಗಿ ಹಣೆ ಒರೆಸಿಕೊಳ್ಳುವವರ ಮೇಲೆಯೇ ನನಗೆ ಒಂದು ತೂಕ ಹೆಚ್ಚು ಪ್ರೀತಿ. ಆ ಪುಸ್ತಕದ ಆಟ 3000 ಕಂತುಗಳನ್ನೂ ದಾಟಿತು.

ಸೋತ ದಿನ ಹಾಸನದಿಂದ ನೇರ ಅರಕಲಗೂಡಿಗೇ ಹೋಗಿದ್ದೆ. ಅಜ್ಜಿ ಜಗುಲಿಯಲ್ಲಿದ್ದಳು. ತಟ್ಟೆಯನ್ನು ತಿರುಗಿಸಿ ನೋಡಿ ಕೇಳಿದಳು: “ಸೋತ್ಯಾ? ಯಾವೂರು ಕೊಟ್ಟೆ?”

“ಅರಕಲಗೂಡು.”

“ಯಾರ್ಗೆ?”

“ಕೋಲಾರದೋರಿಗೆ ಕಣಜ್ಜಿ.”

ಅಜ್ಜಿಗೆ ಆಗ ತೊಂಬತ್ತರ ಹತ್ತಿರ. ಅವಳು ಕೋಲಾರ ನೋಡಿರಲಿಲ್ಲ, ಅ.ನ.ಕೃ. ಯಾರೆಂದೂ ಅವಳಿಗೆ ಗೊತ್ತಿರಲಿಲ್ಲ.