ಸಾಲಿ ಬಿಡಿಸಿದ್ರ ಪೊಲೀಸರು ಬರ್ತಾರೇನ?

ಸಣ್ಣಾಕಿನ್ನ ಸಾಲಿ ಬಿಡಿಸಿ ಮನ್ಯಾಗ ಕಲಸ್ಲಿಕ್ಹತ್ತೇವಿ ಅಂತ ಗೊತ್ತಾದಾಗಿಂದ ನಮ್ಮ ಕಡೆಯವರದೆಲ್ಲಾ ಒಂದ ಪ್ರಶ್ನೆ: "ಪೊಲೀಸರು ಬರೂದಿಲ್ಲೇನ?" ಒಬ್ಬೊಬ್ಬರಿಗೆ ಫೋನಿನ್ಯಾಗ ಹೇಳಿ ಹೇಳಿ ಗಂಟಲ ಒಣಗೇದ. ಅದಕ್ಕ ವೈನಿಗೋಳೆಲ್ಲಾ ಇಲ್ಲೇ ಓದ್ಕೊಂಡು ಬಿಡ್ರಿ.

ಬಿಡಿಸಿದ್ದಕ್ಕ ಕಾರಣ ಇಷ್ಟ. ಅಕಿಗೆ ಸ್ವಲ್ಪ ಉಗ್ಗು ಅದ. ಕ್ಲಾಸಿನ್ಯಾಗ ಅಣಕಸ್ತಿದ್ರು. ಮುಂಜಾನೆ ಆತಂದ್ರ ಹೊಟ್ಟಿನೋವು, ಅಳು. ಈಗ ಅದೇ ಹುಡುಗಿ ಅಡಗಿಮನಿ ಕಟ್ಟಿ ಮ್ಯಾಲೆ ಕೂತು ನಂಗ ಕಥಿ ಓದಿ ಹೇಳ್ತಾಳ.

ಇನ್ನ ಕಾನೂನಿನ ಮಾತು. 2002ರಾಗ ಸಂವಿಧಾನಕ್ಕ 86ನೇ ತಿದ್ದುಪಡಿ ಆಗಿ, 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕು ಆತು. ಅದರ ಹಿಂದ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು, ಆರ್‌ಟಿಇ ಅಂತೀವಲ್ಲಾ ಅದು. 2010ರ ಏಪ್ರಿಲ್ 1ಕ್ಕ ಜಾರಿ ಆತು. ಅದರ 10ನೇ ಕಲಂದಾಗ, ಮಗುವನ್ನ ನೆರೆಹೊರೆಯ ಶಾಲೆಗೆ ಸೇರಿಸೂದು ತಂದಿ-ತಾಯಿ ಕರ್ತವ್ಯ ಅಂತ ಅದ. ಆದ್ರ ಸೇರಿಸದಿದ್ದ ತಂದಿ-ತಾಯಿಗೆ ಜೇಲು, ದಂಡ ಅಂತ ಆ ಕಾಯ್ದೆದಾಗ ಎಲ್ಲೂ ಇಲ್ಲ. ದಂಡ ಇರೂದು ಡೊನೇಷನ್ ಇಸ್ಕೊಳ್ಳೋ ಸಾಲಿಗೆ! (ಎಷ್ಟ ಮಂದಿ ಕಟ್ಯಾರ ಅಂತ ನನ್ನ ಕೇಳಬ್ಯಾಡ್ರಿ.) ಮನ್ಯಾಗ ಕಲಸ್ರಿ ಅಂತನೂ ಅದು ಹೇಳೂದಿಲ್ಲ, ಕಲಸಬ್ಯಾಡ್ರಿ ಅಂತನೂ ಹೇಳೂದಿಲ್ಲ. ಅಮೆರಿಕಾದಾಗ ಒಂದೊಂದು ರಾಜ್ಯಕ್ಕ ಒಂದೊಂದು ನಿಯಮ: ಟೆಕ್ಸಾಸದಾಗ ಸರಕಾರಕ್ಕ ತಿಳಸೂದೂ ಬೇಕಾಗಿಲ್ಲ, ನ್ಯೂಯಾರ್ಕದಾಗ ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು. ನಮ್ಮಲ್ಲೂ ಹಂಗ ಒಂದು ವರದಿ ಕೇಳಿದ್ರ ನಾ ಖುಷಿಲೇ ಕೊಡ್ತಿದ್ದೆ. ಈ ಅಡ್ಡಗ್ವಾಡಿ ಮ್ಯಾಲೆ ಕೂತಂಗ ಇರೂದ ನಿದ್ದಿ ಕೆಡಸ್ತದ.

ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆ ಅಂತ ಸರಕಾರಿ ಸಾಲಿ ಟೀಚರ್ ಒಬ್ರು ಮನಿಗೆ ಬಂದಿದ್ರು. ಅತ್ತಿಯವರು ಗಾಬರಿಯಾಗಿ, "ಹುಡುಗಿ ಊರಿಗೆ ಹೋಗ್ಯಾಳ" ಅಂದ್ಬಿಟ್ರು. ಹುಡುಗಿ ಹಿಂದಿಂದ ಹಣಿಕಿ ಹಾಕಿತು! ನಾ ಅವರನ್ನ ಒಳಗ ಕರದು ಚಹಾ ಕೊಟ್ಟು, ಅಕಿ ನೋಟಬುಕ್ಕು ತೋರಿಸಿದೆ. ನಿಧಾನಕ್ಕ ಹಾಳಿ ತಿರುವಿ ನೋಡಿದ್ರು. "ಇದನ್ನ ಯಾವ ಕಾಲಂದಾಗ ಬರೀಲಿ ಅಕ್ಕಾರ?" ಅಂದ್ರು. "ಸಾಲಿ ಬಿಟ್ಟಾಳ ಅಂತ ಬರೀರಿ, ಓದು ಬಿಟ್ಟಾಳ ಅಂತ ಮಾತ್ರ ಬರೀಬ್ಯಾಡ್ರಿ" ಅಂದೆ. ನಕ್ಕು ಏನೋ ಬರ್ಕೊಂಡು ಹೋದ್ರು. ಅಂವತ್ತ ರಾತ್ರಿ ಮನಿಯವರು, "ನಾಳೆ ವಾಪಸ್ ಸೇರಸಂದ್ರ ಏನ್ಮಾಡ್ತೀ?" ಅಂತ ಕೇಳಿದ್ರು. ಅದಕ್ಕೂ ಅದೇ ಕಾಯ್ದೆದಾಗ ಉತ್ತರ ಅದ: 4ನೇ ಕಲಂ ಪ್ರಕಾರ ನಡುವ ಬಂದ ಮಗುವನ್ನ ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸ್ಕೋಬೇಕು. ಅಕಿಗೇ ಹೋಗಬೇಕು ಅನಿಸಿದ್ರ ನಾ ಅಡ್ಡ ಬರೂದಿಲ್ಲ.

ಹತ್ತನೇತ್ತಾ ಹೆಂಗ ಅಂತೀರೇನ? ಕೇಂದ್ರ ಸರಕಾರದ ಎನ್‌ಐಒಎಸ್ ಅಂತ ಮುಕ್ತ ಶಾಲೆ ಅದ. 14 ವರ್ಷ ತುಂಬಿದ್ರ ಅದರಾಗ ಹತ್ತನೇತ್ತಾಕ್ಕ ಹೆಸರು ಹಚ್ಚಬಹುದು. ಭಾಷಾ ಸೇರಿ ಐದು ವಿಷಯ ಪಾಸಾಗಬೇಕು. ಒಂದ ಸಲಕ್ಕ ಎಲ್ಲಾ ಬರೀಬೇಕಂತಿಲ್ಲ, ಐದು ವರ್ಷ ಟೈಮ್ ಇರ್ತದ. ಜನನ ಪ್ರಮಾಣಪತ್ರ, ಟಿ.ಸಿ. ಎರಡೂ ಟ್ರಂಕಿನ್ಯಾಗ ಜ್ವಾಪಾನ ಇಟ್ಟೇನಿ.

ಯಾರ ಮನ್ಯಾಗರೆ ನಾಕನೇತ್ತಾದ ಗಣಿತ ಪುಸ್ತಕ ಇದ್ರ ರದ್ದಿಗೆ ಹಾಕಬ್ಯಾಡ್ರಿ, ನಮಗ ಕಳಸ್ರಿ.