ಹಿಮದ ಕಂಬಳಿಯ ಕೆಳಗೆ

ಹೆಲ್ಸಿಂಕಿಯಿಂದ ವಾಯವ್ಯಕ್ಕೆ ಸುಮಾರು 220 ಕಿಲೋಮೀಟರು ಸಾಗಿದರೆ ಫಿನ್ಲೆಂಡಿನ ಹ್ಯೂಟಿಯಾಲ ಎಂಬಲ್ಲಿನ ಪೈನ್ ಕಾಡು ಎದುರಾಗುತ್ತದೆ. ಮಾಘಮಾಸದಲ್ಲಿ ಅಲ್ಲಿ ಎತ್ತ ನೋಡಿದರೂ ಬಿಳುಪು, ಮೌನ. ಆದರೆ ಗಾಢನಿದ್ರೆಯಲ್ಲಿರುವಂತೆ ತೋರುವ ಆ ನೆಲ ಉಸಿರಾಡುತ್ತಿದೆ! ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 1990ರ ದಶಕದಿಂದಲೂ ಇಲ್ಲಿ ಆ ಉಸಿರನ್ನು ಅಳೆಯುತ್ತಿದ್ದಾರೆ.

ದಪ್ಪನೆಯ ಹಿಮ ಕಂಬಳಿಯಂತೆ ಹೊದ್ದಿರುವುದರಿಂದ, ಮೇಲೆ ಗಾಳಿ ಎಷ್ಟೇ ಕೊರೆಯುತ್ತಿದ್ದರೂ ಮಣ್ಣು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಉದುರಿದ ಸೂಜಿಯೆಲೆಗಳನ್ನು ಸೂಕ್ಷ್ಮಜೀವಿಗಳು ಕೊಳೆಯಿಸುವಾಗ ಹುಟ್ಟುವ ಇಂಗಾಲಾಮ್ಲ ಅನಿಲವು ಹಿಮದ ಸಂದುಗಳಲ್ಲಿ ನುಸುಳಿ ಆಕಾಶವನ್ನು ಸೇರುತ್ತದೆ.

ಹಿಮ ತೆಳುವಾದರೋ? ಭೂಮಿ ಬಿಸಿಯೇರುತ್ತಿರುವಾಗಲೇ ಕಾಡಿನ ನೆಲ ಇನ್ನಷ್ಟು ಹೆಪ್ಪುಗಟ್ಟಬಹುದು, ಎಂತಹ ವೈಚಿತ್ರ್ಯ! ಹೆಪ್ಪುಗಟ್ಟಿ ಕರಗುವ ಮಣ್ಣಿನಿಂದ ನೈಟ್ರಸ್ ಆಕ್ಸೈಡ್ ಒಮ್ಮೆಲೇ ಹೊಮ್ಮಬಹುದು. ಶಾಖವನ್ನು ಹಿಡಿದಿಡುವುದರಲ್ಲಿ ಅದು, ತೂಕಕ್ಕೆ ತೂಕ, ಇಂಗಾಲಾಮ್ಲಕ್ಕಿಂತ ಸುಮಾರು 270 ಪಟ್ಟು ಬಲಶಾಲಿ. ಆ ಬಿಳಿಯ ಕಂಬಳಿ ಹರಿಯದಿರಲಿ.