ಕಾಳಿಯ ಕಾಡಿಗೂ ಕಾರವಾರದ ಕಡಲಿಗೂ ಕಟ್ಟಿದ ಚೀಲ

ಉತ್ತರ ಕನ್ನಡದ ಜೊಯಿಡಾ ತಾಲ್ಲೂಕಿನಲ್ಲಿ, ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಅರಬ್ಬಿ ಸಮುದ್ರ ಸೇರುವ ಕಾಳಿ ನದಿಯ ಜಾಡಿನಲ್ಲಿ ಹುಲಿಯ ಕಾಡು, ಕಡಲತೀರ ಎರಡೂ ಒಂದೇ ಪ್ರವಾಸಕ್ಕೆ ಒದಗುವುದರಿಂದ, ಬೆಂಗಳೂರಿನ ಹೊರವಲಯದ ದುಡಿಯುವ ವರ್ಗಕ್ಕೆ ದಸರೆಯ ರಜೆಯಲ್ಲಿ ಇದಕ್ಕಿಂತ ಹೊಂದುವ ದಾರಿ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಪೀಣ್ಯದ ಯಂತ್ರಶಾಲೆಗಳಲ್ಲಿ ಲೇತು, ಮಿಲ್ಲಿಂಗ್ ಮೆಷಿನ್ನುಗಳಿಗೆ ಅರಿಶಿನ ಕುಂಕುಮವಿಟ್ಟು, ಗೇಟಿನೆದುರು ಬೂದುಗುಂಬಳಕಾಯಿ ಒಡೆದು ಬಾಗಿಲು ಹಾಕಿದ ಸಂಜೆ, ಅಲ್ಲಿಯ ಕೆಲವು ನೌಕರರೂ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕಚೇರಿಗಳಿಂದ ಬಂದ ಅವರ ನೆಂಟರೂ ಕೂಡಿ ಜಾಲಹಳ್ಳಿ ಕ್ರಾಸಿನಲ್ಲಿ ದಾಂಡೇಲಿಯ ರಾತ್ರಿ ಬಸ್ಸು ಹಿಡಿದ ಪ್ರವಾಸವೇ ಪ್ರಸ್ತುತ ಕಥನದ ವಸ್ತು.

ಬಸ್ಸಿನ ಡಿಕ್ಕಿಗೆ ಹೋದ ಸಾಮಾನನ್ನು ನೋಡಿದರೆ ತಂಡದಲ್ಲಿ ಎರಡು ಪಂಥಗಳಿದ್ದುದು ತಿಳಿಯುತ್ತಿತ್ತು. ಸಾಫ್ಟ್‌ವೇರಿನವರು ಗಾಲಿಗಳಿರುವ ಗಟ್ಟಿ ಟ್ರಾಲಿ ಬ್ಯಾಗ್ ತಂದಿದ್ದರೆ, ಪೀಣ್ಯದವರ ಹೆಗಲಲ್ಲಿ ಮೆತ್ತನೆಯ ಬಟ್ಟೆಚೀಲಗಳಿದ್ದವು. ಈ ವಿಷಯದಲ್ಲಿ ಪೀಣ್ಯದವರೇ ಸರಿ ಎಂಬುದು ಮುಂದೆ ಜೀಪಿನಲ್ಲೂ ದೋಣಿಯಲ್ಲೂ ಸಿದ್ಧವಾಯಿತು. ಕಾಡನ್ನೂ ಕಡಲನ್ನೂ ಜೋಡಿಸುವ ಪ್ರವಾಸಪದ್ಧತಿಗೆ ಹೆಸರಾದ ಪೂರ್ವ ಆಫ್ರಿಕದಲ್ಲಿ, ಅಂದರೆ ಕೆನ್ಯಾ ಮತ್ತು ಟಾಂಜಾನಿಯಾಗಳ ಹುಲ್ಲುಗಾವಲಿನಿಂದ ಜಾಂಜಿಬಾರಿನಂಥ ತೀರಕ್ಕೆ ಹೋಗುವಲ್ಲಿ, ಪುಟ್ಟ ವಿಮಾನಗಳು ಸಾಮಾನ್ಯವಾಗಿ 15 ಕಿಲೋ ತೂಕದ ಮೆತ್ತನೆಯ ಚೀಲವನ್ನಷ್ಟೇ ಒಪ್ಪುವುದೂ ಇಕ್ಕಟ್ಟಾದ ಜಾಗಕ್ಕೆ ಅದೇ ಹೊಂದುವುದರಿಂದ. ಆದರೆ ಆಫ್ರಿಕಕ್ಕೆಂದು ಬರೆದ ಪಟ್ಟಿಯನ್ನು ದಾಂಡೇಲಿಗೆ ಹಾಗೆಯೇ ಇಳಿಸಿಕೊಳ್ಳುವುದು ಅವಿವೇಕ. ಅಲ್ಲಿ ಕಡುನೀಲಿ ಬಟ್ಟೆ ಬೇಡವೆನ್ನುವುದು, ನಿದ್ರಾರೋಗವನ್ನು ಹರಡುವ ತ್ಸೆತ್ಸೆ ಎಂಬ ನೊಣ ಆ ಬಣ್ಣಕ್ಕೆ ಮುಗಿಬೀಳುವುದರಿಂದ. ಆ ನೊಣ ಭಾರತದಲ್ಲಿಲ್ಲ. ಇಲ್ಲಿಯ ಚೀಲವನ್ನು ನಿರ್ಧರಿಸಬೇಕಾದವು ಉಂಬಳವೆಂಬ ನೆಲದ ಜಿಗಣೆ, ಉಣುಗು ಎಂಬ ರಕ್ತ ಹೀರುವ ಕಿರುಕೀಟ ಮತ್ತು ಮಳೆ.

1956ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ದಾಂಡೇಲಿಯ ಕಾಡು, 1987ರಲ್ಲಿ ರೂಪುಗೊಂಡ ಅಣಶಿ ರಾಷ್ಟ್ರೀಯ ಉದ್ಯಾನದೊಡನೆ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದಕ್ಕೆ ಕಾಳಿಯ ಹೆಸರು ಬಂದದ್ದು 2015ರಲ್ಲಿ. ಫಣಸೋಳಿಯ ಗೇಟಿನಿಂದ ನಸುಕಿನಲ್ಲಿ ಹೊರಡುವ ತೆರೆದ ಜೀಪಿನಲ್ಲಿ ಕುಳಿತವರಿಗೆ ಮೊದಲು ಎದುರಾಗುವುದು ಹುಲಿಯಲ್ಲ, ಚಳಿ. ಬಿಸಿಲೇರಿದ ಮೇಲೆ ಎದುರಾಗುವುದು ಕೆಂಪು ಧೂಳು. ದಪ್ಪ ಜಾಕೆಟ್ಟು ಒಂಬತ್ತು ಗಂಟೆಯ ಹೊತ್ತಿಗೆ ಮಡಿಲಲ್ಲಿ ಹೊರೆಯಾಗುತ್ತದೆ, ಆದ್ದರಿಂದ ಒಂದರ ಮೇಲೊಂದು ತೊಟ್ಟು ಒಂದೊಂದಾಗಿ ಕಳಚಬಹುದಾದ ತೆಳುವಾದ ಬಟ್ಟೆಗಳೇ ಲೇಸು. ತಂಡದ ಹಿರಿಯರೊಬ್ಬರು ತಂದಿದ್ದ ಬೂದುಬಣ್ಣದ ಹತ್ತಿಯ ಲುಂಗಿಯೊಂದು ಬಸ್ಸಿನಲ್ಲಿ ಹೊದಿಕೆಯಾಗಿ, ಜೀಪಿನಲ್ಲಿ ಶಾಲಾಗಿ, ಧೂಳೆದ್ದಾಗ ಕ್ಯಾಮೆರಾದ ಮುಸುಕಾಗಿ, ಕೊನೆಗೆ ಕಡಲತೀರದಲ್ಲಿ ಬಟ್ಟೆ ಬದಲಿಸುವ ಮರೆಯಾಗಿ ಒದಗಿತು. ಕ್ರೀಡಾ ಮಳಿಗೆಗಳಲ್ಲಿ ಸಾವಿರಾರು ರೂಪಾಯಿ ತೆತ್ತು ಕೊಂಡ ಯಾವ ವಸ್ತುವೂ ಇಷ್ಟು ಕೆಲಸ ಮಾಡಲಿಲ್ಲ.

ಬಣ್ಣದ ವಿಚಾರ ಸ್ವಲ್ಪ ವಿವರಣೆಯನ್ನು ಬೇಡುತ್ತದೆ. ಜಿಂಕೆ, ಕಡವೆಗಳ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆಯವಾದ್ದರಿಂದ ಅವಕ್ಕೆ ಕೇಸರಿಗೂ ಹಸಿರಿಗೂ ಹೆಚ್ಚಿನ ಭೇದ ಕಾಣುವುದಿಲ್ಲ, ಹುಲಿ ತನ್ನ ಉರಿಗೆಂಪು ಮೈಯಿಟ್ಟುಕೊಂಡೂ ಬೇಟೆಯ ಹತ್ತಿರ ಸರಿಯಬಲ್ಲದ್ದು ಹೀಗೆ. ಹಕ್ಕಿಗಳ ಕಣ್ಣಿನಲ್ಲಿ ಮಾತ್ರ ಅಂಥ ಕೋಶಗಳು ನಾಲ್ಕು ಬಗೆ. ದಾಂಡೇಲಿಯ ನಿಜವಾದ ಸಂಪತ್ತು, ಅಂದರೆ 2011ರಲ್ಲಿ ತಮಗೆಂದೇ ಸಂರಕ್ಷಣಾ ಮೀಸಲು ಪಡೆದ ಮಂಗಟ್ಟೆ ಹಕ್ಕಿಗಳು, ಮನುಷ್ಯನಿಗಿಂತ ಸೂಕ್ಷ್ಮವಾಗಿ ಬಣ್ಣ ಕಾಣುವವು. ಇಲ್ಲಿ ಮಣ್ಣು, ಎಲೆಯ ಬಣ್ಣ ತೊಡುವುದು ಹುಲಿಗಿಂತ ಹೆಚ್ಚಾಗಿ ಹಕ್ಕಿಗೆ ತೋರುವ ಮರ್ಯಾದೆ. ಕಂಪನಿ ಉಚಿತವಾಗಿ ಕೊಟ್ಟ ಹೊಳೆಯುವ ಟೀ ಶರ್ಟುಗಳಿಗೆ ಕಾಡಿನಲ್ಲಿ ಸ್ಥಾನವಿಲ್ಲ, ಅವು ಕಡಲಿಗಿರಲಿ. ದುರ್ಬೀನು ಕೊಳ್ಳುವವರು 8x42 ಎಂಬ ಗುರುತಿರುವುದನ್ನು ಆರಿಸಬಹುದು: ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದನ್ನೂ ಎರಡನೆಯದು ಮುಂದಿನ ಗಾಜಿನ ವ್ಯಾಸವನ್ನು ಮಿಲಿಮೀಟರಿನಲ್ಲೂ ಹೇಳುತ್ತದೆ, ಗಾಜು ದೊಡ್ಡದಿದ್ದಷ್ಟೂ ದಟ್ಟ ಕಾಡಿನ ಮಬ್ಬಿನಲ್ಲಿ ಹೆಚ್ಚು ಬೆಳಕು ದಕ್ಕುತ್ತದೆ.

ಮಳೆಗಾಲ ಮುಗಿದರೂ ಅಣಶಿಯ ತೇವದ ನೆಲದಲ್ಲಿ ಉಂಬಳ ಇದ್ದೇ ಇರುತ್ತದೆ. ಸಾಮಾನ್ಯ ಕಾಲುಚೀಲದ ಹೆಣಿಗೆಯ ಸಂದಿನಲ್ಲಿ ಅದು ನುಸುಳುವುದರಿಂದ ಮೊಣಕಾಲಿನವರೆಗೆ ಬರುವ ಒತ್ತು ನೇಯ್ಗೆಯ ಬಟ್ಟೆಯ ಕಾಲುಚೀಲವೂ, ಹಿಡಿ ಉಪ್ಪು ಅಥವಾ ಹೊಗೆಸೊಪ್ಪೂ ಜೊತೆಗಿರಬೇಕು. ಪೀಣ್ಯದವರಲ್ಲಿ ಒಬ್ಬರು ಕಾರ್ಖಾನೆಯ ಸೇಫ್ಟಿ ಶೂ ಹಾಕಿಕೊಂಡೇ ಬಂದಿದ್ದರು. ಉಕ್ಕಿನ ತುದಿಯ ಆ ಪಾದರಕ್ಷೆ ಉಂಬಳವನ್ನು ತಡೆಯಲಿಲ್ಲ, ಒದ್ದೆಯಾದ ಮೇಲೆ ಒಣಗಲೂ ಇಲ್ಲ. ನವೆಂಬರಿನಿಂದ ಮೇ ತನಕ ಹೋಗುವವರು ಉಣುಗಿನ ಬಗ್ಗೆಯೂ ಎಚ್ಚರ ವಹಿಸಬೇಕು: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ಈ ಕಿರುಕೀಟದ ಕಡಿತದಿಂದ ಹರಡುತ್ತದೆ, ಉತ್ತರ ಕನ್ನಡದಲ್ಲೂ ಕಾಣಿಸಿಕೊಂಡಿದೆ. ತುಂಬುತೋಳಿನ ಅಂಗಿ ಮತ್ತು ಮಲೆನಾಡಿನಲ್ಲಿ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲದಂಥ ಲೇಪ ಅದಕ್ಕೆ ತಕ್ಕ ಸಿದ್ಧತೆ.

ಲ್ಯಾಪ್‌ಟಾಪನ್ನು ಬಿಟ್ಟು ಬರಲಾಗದವರು ತಂದೇ ತಂದಿದ್ದರು. ಜೊಯಿಡಾ ದಾಟಿದ ಮೇಲೆ ನೆಟ್‌ವರ್ಕ್ ಕೈಕೊಟ್ಟು ಅದು ಬರಿಯ ತೂಕವಾಯಿತು.

ದಾಂಡೇಲಿಯಿಂದ ಅಣಶಿ ಘಟ್ಟವಿಳಿದು ಕದ್ರಾ ಮಾರ್ಗವಾಗಿ ಕಾರವಾರಕ್ಕೆ ಸುಮಾರು 100 ಕಿಲೋಮೀಟರ್. ಮೊದಲು ಕಾಡು, ಆಮೇಲೆ ಕಡಲು ಎಂಬ ಕ್ರಮವೇ ಸರಿ, ಏಕೆಂದರೆ ಧೂಳನ್ನು ಕೊಡವಬಹುದು, ಮರಳನ್ನೂ ಉಪ್ಪನ್ನೂ ಕೊಡವಲಾಗದು. ಬೆವರಿದ ಕೈಯ ಗುರುತು ಬಿದ್ದರೂ ಸಾಕು, ಗ್ರೈಂಡಿಂಗ್ ಮಾಡಿದ ಉಕ್ಕಿನ ಮೇಲೆ ತುಕ್ಕು ಮೂಡುತ್ತದೆಂಬುದನ್ನು ಬಲ್ಲ ಯಂತ್ರಶಾಲೆಯವರು, ಬೇರಿಂಗು, ಟೂಲುಗಳ ಡಬ್ಬಿಯಿಂದ ಎತ್ತಿಟ್ಟ ಸಿಲಿಕಾ ಜೆಲ್ ಪೊಟ್ಟಣಗಳನ್ನು, ಅಂದರೆ ಗಾಳಿಯ ತೇವ ಹೀರುವ ಹರಳಿನ ಪೊಟ್ಟಣಗಳನ್ನು, ಕ್ಯಾಮೆರಾ ಚೀಲದೊಳಗೆ ಮೊದಲೇ ಹಾಕಿದ್ದರು. ಎ.ಸಿ. ಕೋಣೆಯಿಂದ ತೀರದ ಸೆಕೆಗೆ ಬಂದ ಕೂಡಲೇ ಕ್ಯಾಮೆರಾ ತೆಗೆದರೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಚೀಲದ ಬಾಯಿ ಮುಚ್ಚಿಯೇ ಸ್ವಲ್ಪ ಹೊತ್ತು ಹೊರಗಿಟ್ಟರೆ ಆ ತೊಂದರೆಯಿಲ್ಲ. ಕೋಡಿಬಾಗದಿಂದ ಕಾಳಿಯ ಅಳಿವೆ, ಅಂದರೆ ನದಿ ಸಮುದ್ರ ಸೇರುವ ಮುಖ, ದಾಟಿ ದೇವಬಾಗಕ್ಕೆ ದೋಣಿಯೇರುವಾಗ ಟ್ರಾಲಿ ಬ್ಯಾಗಿನ ಒಡೆಯರು ಅದನ್ನು ತಲೆಯ ಮೇಲೆ ಹೊರಬೇಕಾಯಿತು, ಮರಳಿನಲ್ಲಿ ಗಾಲಿ ಉರುಳಲೇ ಇಲ್ಲ.

ಕಡಲಿಗೆ ಬೇಕಾದುದು ಅಲ್ಪ: ಬೇಗ ಒಣಗುವ ಬಟ್ಟೆ, ಟೋಪಿ, ರಬ್ಬರ್ ಚಪ್ಪಲಿ, ಒದ್ದೆಯದನ್ನು ಬೇರೆಯಾಗಿ ಕಟ್ಟಲು ನೀರು ಸೋರದ ಚೀಲ. ಮರಳುವಾಗ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಕಾರವಾರ ಬಿಟ್ಟು ಮರುದಿನ ಬೆಳಗ್ಗೆ ಯಶವಂತಪುರ ಮುಟ್ಟುತ್ತದೆ, ಅಲ್ಲಿಂದ ಪೀಣ್ಯ ಕೂಗಳತೆಯ ದೂರ. ರಜೆ ಮುಗಿದ ದಿನವೇ ಕೆಲಸಕ್ಕೆ ಹಾಜರಾಗಬೇಕಾದವರು ಒಗೆದ ಬಟ್ಟೆಯ ಒಂದು ಜೊತೆಯನ್ನು ಚೀಲದ ತಳದಲ್ಲಿ, ಪ್ರವಾಸವಿಡೀ ಬಿಚ್ಚದೆ, ಬೇರೆ ಕಟ್ಟಿಟ್ಟಿರುವುದು ಒಳ್ಳೆಯದು.